ನೆರೆಮನೆಯ ಈಸಿ ಚೇರು

ಬೇರೆ ಗಂಡಸರ ಹೆಂಡತಿಯರು ಅದು ತನ್ನಿ, ಇದು ತನ್ನಿ ಎಂದು ಪ್ರಾಣ ತಿನ್ನುತ್ತಾರಂತೆ. ನನ್ನ ಗ್ರಹಚಾರ ಅದಕ್ಕೆ ತಿರುಗುಮುರುಗು. (ಕ್ರೈಸ್ತನಾದವನು ಗ್ರಹಚಾರ ಎನ್ನಬಾರದು, ಒಪ್ಪಿದೆ. ಆದರೆ ಇಪ್ಪತ್ತೆರಡು ವರ್ಷದ ಸಂಸಾರಕ್ಕೆ ನನಗೆ ಬೇರೆ ಪದ ಸಿಗುತ್ತಿಲ್ಲ.) ನನ್ನಾಕೆ ಲೂರ್ದಮ್ಮನಿಗೆ ಏನೂ ಬೇಡ. ನಾನು ಏನು ಹೊತ್ತು ತಂದರೂ ಬಾಗಿಲಲ್ಲೇ ನಿಂತು, 'ಇದ್ಯಾಕೆ ತಂದ್ರಿ' ಎನ್ನುವುದು ಅವಳ ಸ್ವಾಗತಗೀತೆ. ಎರಡು ಸೀರೆ ಇಟ್ಟುಕೊಂಡು ಮೂರನೆಯದನ್ನು ನಾಗಮಂಗಲಕ್ಕೆ ಕೊಟ್ಟ ಮಗಳಿಗೆ ಕಳಿಸಿಬಿಡುವ ಹೆಂಗಸು. ಇಂಥವಳನ್ನು ಕಟ್ಟಿಕೊಂಡು, ಪಾಂಡವಪುರದಂಥ ಊರಿನಲ್ಲಿ, ಮಿಷನ್ ಶಾಲೆಯ ಮೇಷ್ಟ್ರ ಸಂಬಳದಲ್ಲಿ, ಒಬ್ಬ ಸದ್ಗೃಹಸ್ಥನ ಮನೆಯಲ್ಲಿ ಇರಬೇಕಾದ ಸಕಲ ಸಾಮಗ್ರಿಗಳನ್ನೂ ನಾನು ಕೂಡಿಹಾಕಿದ್ದೆ ಎಂದರೆ ಅದಕ್ಕೆ ಎಂಥ ಗಂಡೆದೆ ಬೇಕು, ನೀವೇ ಯೋಚಿಸಿ.

ಮೊದಲನೆಯದು ಈಸಿ ಚೇರು. ಶ್ರೀರಂಗಪಟ್ಟಣದಿಂದ ವರ್ಗವಾಗಿ ಹೊರಟ ಅಮಲ್ದಾರರೊಬ್ಬರು ಮಾರಿದ್ದು, ತೇಗದ ಮರದ್ದು, ಬೆತ್ತ ಹೆಣೆದದ್ದು. ಅದರ ತೋಳುಗಳನ್ನು ಹೊರಕ್ಕೆ ತಿರುಗಿಸಿ ಎರಡೂ ಕಾಲು ಚಾಚಿ ಒರಗಿದರೆ ನನಗೆ ನಾನೇ ಅಮಲ್ದಾರ. ಎರಡನೆಯದು ರೇಡಿಯೋ. ಮೂರನೆಯದು ಆಳೆತ್ತರದ ಕನ್ನಡಿ ಬೀರು. ನಾಲ್ಕನೆಯದು ಗೋಡೆ ಗಡಿಯಾರ. ಇದು ಹನ್ನೆರಡು ಗಂಟೆಗೆ ಹದಿಮೂರು ಹೊಡೆಯುತ್ತಿತ್ತು, ಆದರೆ ಮಿಕ್ಕ ಹೊತ್ತಿನಲ್ಲಿ ಅದರ ನಡತೆ ನಿರ್ದುಷ್ಟ. ಇವಲ್ಲದೆ ಒಂದು ಡಜನ್ ಎವರ್‌ಸಿಲ್ವರ್ ಲೋಟ, ಆರು ತಟ್ಟೆ, ಎರಡು ಕೊಳದಪ್ಪಲೆ.

ಎಲ್ಲದರ ಮೇಲೂ ನನ್ನ ಹೆಸರು. ನನ್ನದು ಎಂದ ಮೇಲೆ ನನ್ನದು ಅಂತ ಕಾಣಬೇಕು, ಇದು ನನ್ನ ಸಿದ್ಧಾಂತ. ಹೆಸರು ಕೊರೆಯುವವನು ಬೀದಿಗೆ ಬಂದಾಗಲೆಲ್ಲ ಲೋಟ ತಟ್ಟೆಗಳ ಮೇಲೆ ಟಕಟಕ ಎಂದು 'ಎಂ. ಇನ್ನಾಸಪ್ಪ' ಎಂದು ಕೊರೆಸಿದ್ದೇನೆ. ಈಸಿ ಚೇರಿನ ಬೆನ್ನ ಮೇಲೆ ನಾನೇ ಬಿಳಿ ಪೈಂಟಿನಲ್ಲಿ, ಶಾಲೆಯ ಬೋರ್ಡು ಬರೆದ ಅದೇ ದುಂಡನೆಯ ಅಕ್ಷರದಲ್ಲಿ, 'ಎಂ. ಇನ್ನಾಸಪ್ಪ, ಸಹಾಯೋಪಾಧ್ಯಾಯ' ಎಂದು ಬರೆದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತ ಕೂತಿದ್ದ ಲೂರ್ದಮ್ಮ, "ಸತ್ತ ಮ್ಯಾಲೆ ಸಮಾಧಿ ಕಲ್ಲಲ್ಲಿ ಬರೆಯೋದು ಇದ್ದೇ ಐತಲ್ಲ, ಈಗ್ಲಿಂದ್ಲೇ ಯಾಕ್ರೀ ಅಭ್ಯಾಸ" ಎಂದಳು. ನಾನು ಕೊನೆಯ 'ಯ' ತಿದ್ದುತ್ತಿದ್ದೆ. ಪೈಂಟು ಹಿಡಿದ ಕೈ ಅಲುಗಬಾರದು.

ಹೀಗಿರುವಾಗ ನಮ್ಮ ಶಾಲೆಯ ಹೆಡ್‌ಮಾಸ್ತರ್ ನಂಜಪ್ಪನವರು ನಿವೃತ್ತರಾದರು. ಅವರ ಜಾಗಕ್ಕೆ ಇದ್ದವರು ಇಬ್ಬರು. ಒಬ್ಬ ನಾನು, ಹಿರಿಯ, ಅನುಭವಸ್ಥ, ನೋಡಲೂ ಹೆಡ್‌ಮಾಸ್ತರನಂತೆಯೇ ಇರುವವನು. ಇನ್ನೊಬ್ಬ ರಾಯಪ್ಪ. ಪಾಪ, ಏಳು ಮಕ್ಕಳು. ಪಾಠ ಚೆನ್ನಾಗಿ ಮಾಡುತ್ತಾನೆ ಅನ್ನುತ್ತಾರೆ, ಇರಬಹುದು. ಆದರೆ ಅಂಗಿಯ ಗುಂಡಿಗಳು ಒಂದಕ್ಕೊಂದು ಹೊಂದದ ಮನುಷ್ಯ ಹೆಡ್‌ಮಾಸ್ತರ್ ಕುರ್ಚಿಯಲ್ಲಿ ಕೂತರೆ ಸಂಸ್ಥೆಯ ಘನತೆ ಏನಾಗಬೇಕು ಹೇಳಿ. ಆ ಕುರ್ಚಿ ನನಗೇ ಎಂದು ನಾನು ಮನಸ್ಸಿನಲ್ಲಿ ಅದರ ಬೆನ್ನ ಮೇಲೂ ಹೆಸರು ಬರೆದಾಗಿತ್ತು.

ತೀರ್ಮಾನ ಮಾಡುವವರು ಮೈಸೂರಿನಲ್ಲಿದ್ದ ನಮ್ಮ ಶಾಲೆಗಳ ಮ್ಯಾನೇಜರು, ಪಾದ್ರಿ ಬಾರ್ತಲೋಮ್ ಸ್ವಾಮಿಗಳು. ಹೊಸದಾಗಿ ಬಂದವರು. ಅವರ ವಿಷಯ ಕೆ.ಆರ್. ಪೇಟೆಯಿಂದ ಸುದ್ದಿ ಬಂದಿತ್ತು. ತೇಪೆ ಹಾಕಿದ ನಿಲುವಂಗಿ, ಕೈಯಲ್ಲೊಂದು ಬಟ್ಟೆ ಚೀಲ, ಮೂರನೇ ದರ್ಜೆಯ ಪ್ರಯಾಣ. ಅಲ್ಲಿ ಬಡ್ತಿಗೆ ಕಾದಿದ್ದ ಮೇಷ್ಟ್ರೊಬ್ಬರು ಸ್ವಾಮಿಗಳನ್ನು ಮನೆಗೆ ಕರೆದು, ಹೊಸ ಸೋಫಾದ ಮೇಲೆ ಕೂರಿಸಿ ಕೇಸರಿಭಾತು ಕೊಟ್ಟರಂತೆ. ಸ್ವಾಮಿಗಳು ಸೋಫಾದ ಸ್ಪ್ರಿಂಗನ್ನು ಒಂದೆರಡು ಸಲ ಒತ್ತಿ ನೋಡಿ, ಮನುಷ್ಯನಿಗೆ ಇಷ್ಟು ಮೆತ್ತಗಿನದು ಅಭ್ಯಾಸವಾದರೆ ಸ್ವರ್ಗದಲ್ಲಿ ಕಷ್ಟವಾಗುತ್ತದೆ ಎಂದು ಹೇಳಿ ಎದ್ದರಂತೆ. ಬಡ್ತಿ ಬೇರೆಯವರ ಪಾಲಾಯಿತು.

ಆ ಸ್ವಾಮಿಗಳು ಶಾಲೆ ನೋಡಲು ಬರುವ ಶುಕ್ರವಾರ ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ ಎಂದು ನಮ್ಮ ಊರಿನ ಚರ್ಚಿನ ಗುರುಗಳು ಗೊತ್ತುಮಾಡಿಬಿಟ್ಟರು. ಕೇಳಿದೊಡನೆ ಮನೆಗೆ ಓಡಿದೆ. ನಡುಮನೆಯನ್ನು ಒಮ್ಮೆ ಸ್ವಾಮಿಗಳ ಕಣ್ಣಿನಿಂದ ನೋಡಿದೆ. ಈಸಿ ಚೇರು, ರೇಡಿಯೋ, ಕನ್ನಡಿ ಬೀರು, ಗಡಿಯಾರ. ಹೆಡ್‌ಮಾಸ್ತರಿಕೆ ಕಣ್ಣೆದುರೇ ರಾಯಪ್ಪನ ಮನೆಯ ಕಡೆ ನಡೆದು ಹೋಗುತ್ತಿತ್ತು.

ಅಲ್ಪರಾದರೆ ಕೈಚೆಲ್ಲುತ್ತಿದ್ದರು. ನನಗೆ ಅರ್ಧ ಗಳಿಗೆಯಲ್ಲಿ ಉಪಾಯ ಹೊಳೆಯಿತು.

ನಮ್ಮ ಪಕ್ಕದ ಮನೆ ದ್ಯಾವಯ್ಯನದು. ಕ್ಯಾತನಹಳ್ಳಿ ಕಡೆ ಕಬ್ಬಿನ ಗದ್ದೆ, ಮನೆಯಲ್ಲಿ ಎರಡು ಎಮ್ಮೆ, ಬಾಯಿ ತುಂಬ ಮಾತು. ಹೆಂಡತಿ ಪುಟ್ಟಲಕ್ಷ್ಮಮ್ಮ. ಜೊತೆಗೆ ಎಂಬತ್ತು ದಾಟಿದ ದ್ಯಾವಯ್ಯನ ಅಪ್ಪ ಕುಳ್ಳಯ್ಯ. (ಹೆಸರು ಕುಳ್ಳಯ್ಯ, ಆಳು ಆರಡಿ.) ಎರಡು ಹಿತ್ತಲಿನ ನಡುವೆ ಸೊಂಟದೆತ್ತರದ ಮಣ್ಣಿನ ಗೋಡೆ. ಗುರುವಾರ ಮಧ್ಯಾಹ್ನ ಬೀದಿಯೆಲ್ಲ ಉಂಡು ಮಲಗಿದಾಗ ಸಾಮಾನನ್ನೆಲ್ಲ ಆ ಗೋಡೆಯ ಮೇಲಿಂದ ಆ ಕಡೆಗೆ ದಾಟಿಸುವುದು, ಸ್ವಾಮಿಗಳು ಮೈಸೂರಿಗೆ ಹೋದ ಮೇಲೆ ಈ ಕಡೆಗೆ ದಾಟಿಸುವುದು. ಶುಕ್ರವಾರ ನಮ್ಮ ಮನೆ ಸಂತೃಪ್ತಿಯ ಆಗರ, ವೈರಾಗ್ಯದ ನೆಲೆವೀಡು.

ಲೂರ್ದಮ್ಮನಿಗೆ ಹೇಳಿದೆ. ಅವಳು ರಾಗಿ ಹಿಟ್ಟು ಜರಡಿ ಹಿಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು.

"ಸಾಮಾನು ಬ್ಯಾಡ ಬ್ಯಾಡ ಅಂತ ಇಪ್ಪತ್ತೆರಡು ವರ್ಸ ಬಡ್ಕಂಡೆ. ಆಗ ಕೇಳ್ಳಿಲ್ಲ. ಈಗ ಸಾಮಾನು ಇಲ್ಲ ಅಂತ ನಾಟಕ ಆಡಕ್ಕೆ ನಾನು ಬೇಕಾ?"

"ನಾಟಕ ಅಲ್ಲ ಕಣೇ. ಒಂದು ದಿನದ ಮಟ್ಟಿಗೆ ಸರಳ ಜೀವನ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲ ಬೇರೆ ನಡೀತಿದೆ."

"ಸರಳ ಜೀವನ ಯಾಕೆ, ಎಡ್‌ಮಾಸ್ಟ್ರಿಕೆ ಬಂದ್ರೆ ಇನ್ನೊಂದು ಬೀರು ತರಕ್ಕಾ?"

ಈ ಹೆಂಗಸಿಗೆ ಮನಸ್ಸಿನೊಳಗೆ ಇಣುಕುವ ವಿದ್ಯೆ ಎಲ್ಲಿಂದ ಬಂತೋ ತಿಳಿಯದು. ಆ ಇನ್ನೊಂದು ಬೀರನ್ನು ನಾನು ಆಗಲೇ ಶ್ರೀರಂಗಪಟ್ಟಣದ ಅಂಗಡಿಯಲ್ಲಿ ನೋಡಿಟ್ಟು ಬಂದಿದ್ದೆ. ಕೊನೆಗೆ ಒಪ್ಪಂದವಾಯಿತು. ಅವಳು ಸುಳ್ಳು ಹೇಳುವುದಿಲ್ಲ. ಆದರೆ ಸ್ವಾಮಿಗಳು ಕೇಳದ ಹೊರತು ತಾನಾಗಿ ನಿಜವನ್ನೂ ಹೇಳುವುದಿಲ್ಲ. ಅಷ್ಟು ಸಾಕು ಎಂದು ನಾನು ದ್ಯಾವಯ್ಯನ ಮನೆಗೆ ಹೋದೆ.

ದ್ಯಾವಯ್ಯನಿಗೆ ಒಳಗುಟ್ಟನ್ನೆಲ್ಲ ಹೇಳುವುದು ಹೇಗೆ? ಗೋಡೆಗೆ ಸುಣ್ಣ ಹೊಡೆಸುವ ವಿಚಾರವಿದೆ, ನಾಲ್ಕು ದಿನ ಸಾಮಾನು ಇಟ್ಟುಕೊಳ್ಳಿ ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮುಗಿಯುತ್ತಿತ್ತು. ಆದರೆ ನಾನು ಮೇಷ್ಟ್ರು, ಎಲ್ಲವನ್ನೂ ಕೂಲಂಕಷವಾಗಿ ಬೋಧಿಸುವ ಚಾಳಿ. ಯಾರಾದರೂ ಪಕ್ಕದ ಮನೆಯಲ್ಲಿ ನೋಡಿ ವಿಚಾರಿಸಿದರೆ ಏನು ಗತಿ ಎಂದುಕೊಂಡು, "ದ್ಯಾವಯ್ಯ, ಇವೆಲ್ಲ ನಿಮ್ಮದೇ ಅಂದ್ಕೊಳ್ಳಿ. ಯಾರು ಕೇಳಿದರೂ ನಿಮ್ಮದೇ ಅನ್ನಬೇಕು. ಧಾರಾಳವಾಗಿ ಉಪಯೋಗಿಸಿ, ಏನೂ ಸಂಕೋಚ ಬೇಡ" ಎಂದು ಎರಡೆರಡು ಸಲ ಹೇಳಿ, ಅವನ ಬಾಯಿಂದಲೂ ಹೇಳಿಸಿದೆ. ದ್ಯಾವಯ್ಯ ತಲೆ ಕೆರೆದುಕೊಂಡು, "ಆಗ್ಲಿ ಬುಡಿ ಮೇಷ್ಟ್ರೇ, ನೀವು ಯೋಳುದ್ ಮ್ಯಾಲೆ ಅಂಗೇಯ" ಎಂದ. ಪಾಠ ಒಪ್ಪಿಸಿದ ವಿದ್ಯಾರ್ಥಿಯನ್ನು ನೋಡಿದಷ್ಟು ಸಂತೋಷ ನನಗಾಯಿತು.

ಬೀರನ್ನು ಗೋಡೆ ದಾಟಿಸಿದ ಕಥೆಯನ್ನು ವಿವರಿಸುವುದಿಲ್ಲ. ಅದರ ಕಾಲೊಂದು ನನ್ನ ಕಾಲ ಮೇಲೆ ಬಿತ್ತು, ಅಷ್ಟೇ. ಸಾಯಂಕಾಲದ ಹೊತ್ತಿಗೆ ನಮ್ಮ ನಡುಮನೆಯಲ್ಲಿ ಉಳಿದದ್ದು ಎರಡು ಚಾಪೆ, ಒಂದು ಮಣೆ, ಗೋಡೆಯ ಮೇಲೆ ಮರಿಯಮ್ಮನವರ ಪಟ. ಲೂರ್ದಮ್ಮ ಪೊರಕೆ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ಒಂದೇ ಬೀಸಿನಲ್ಲಿ ಗುಡಿಸಿ ನಿಂತಳು. ಆಮೇಲೆ ಇನ್ನೊಂದು ಸಲ ಗುಡಿಸಿದಳು. ಕಸವಿರಲಿಲ್ಲ, ಸುಮ್ಮನೆ. ಗಡಿಯಾರ ಇದ್ದ ಕಡೆ ಗೋಡೆಯ ಮೇಲೆ ಬೆಳ್ಳಗೆ ಎಂಟು ಮೂಲೆಯ ಗುರುತೊಂದು ಉಳಿದಿತ್ತು. ಅದರ ಮೇಲೆ ಮರಿಯಮ್ಮನವರ ಪಟ ಹಾಕಿ ನೋಡಿದೆ. ಪಟ ಚಿಕ್ಕದು, ಗುರುತು ಸುತ್ತಲೂ ಪ್ರಭಾವಳಿಯಂತೆ ಕಾಣುತ್ತಿತ್ತು. ಇದೂ ಒಂದು ಶುಭಸೂಚನೆಯೇ ಎಂದು ಬಿಟ್ಟೆ.

ಶುಕ್ರವಾರ ಬಂತು. ಸ್ವಾಮಿಗಳು ಪಾಂಡವಪುರ ಸ್ಟೇಷನ್ನಿನಲ್ಲಿ ಇಳಿದು ಜಟಕಾ ಬೇಡವೆಂದು ಕಬ್ಬಿನ ಗಾಡಿಯೊಂದರ ಹಿಂದೆ ಕೂತು ಬಂದರಂತೆ. ಬೆಳಗ್ಗೆಯೆಲ್ಲ ಶಾಲೆ ನೋಡಿದರು. ಹನ್ನೊಂದೂಕಾಲಿಗೆ ನಮ್ಮ ಮನೆಯ ಹೊಸ್ತಿಲು ದಾಟಿದರು. ನಾನು, ಲೂರ್ದಮ್ಮ ಇಬ್ಬರೂ ಕೈಮುಗಿದು "ಸ್ತೋತ್ರ ಸ್ವಾಮಿ" ಎಂದೆವು. ಅವರು ಆಶೀರ್ವಾದ ಮಾಡಿ, ನಡುಮನೆಯನ್ನು ಒಂದು ಸುತ್ತು ನೋಡಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ಕಂಡು ಹೆಡ್‌ಮಾಸ್ತರಿಕೆ ನಮ್ಮ ಮನೆಯ ಕಡೆ ತಿರುಗಿ ಬರುವ ಹೆಜ್ಜೆಯ ಸದ್ದು ನನಗೆ ಕೇಳಿಸಿತು.

ಮುದ್ದೆ, ಹುರುಳಿಕಾಳಿನ ಬಸ್ಸಾರು, ಪಲ್ಯ, ಮಜ್ಜಿಗೆ. ಸ್ವಾಮಿಗಳು ಎರಡು ಮುದ್ದೆ ಉಂಡರು. ಮೂರನೆಯದಕ್ಕೆ ಕೈ ಅಡ್ಡ ಹಿಡಿದು ಲೂರ್ದಮ್ಮನ ಕಡೆ ನೋಡಿ, "ಅಮ್ಮಾ, ಮನೆ ಬಹಳ ಸರಳವಾಗಿದೆ. ನಿಮಗೆ ಕೊರತೆ ಅನ್ನಿಸುವುದಿಲ್ಲವೇ?" ಎಂದು ಕೇಳಿಯೇಬಿಟ್ಟರು.

ನಾನು ಮುದ್ದೆ ಮುರಿಯುವುದನ್ನು ಬಿಟ್ಟು ಅವಳನ್ನು ನೋಡಿದೆ. ಕೇಳಿದರೆ ನಿಜ ಹೇಳುತ್ತೇನೆ ಎನ್ನುವುದೇ ಅವಳ ಒಪ್ಪಂದ.

ಲೂರ್ದಮ್ಮ ಸೌಟನ್ನು ಪಾತ್ರೆಯಲ್ಲಿ ಇಟ್ಟಳು. "ಇಲ್ಲ ಸ್ವಾಮಿ," ಎಂದಳು. "ಇವತ್ತು ಬೆಳಿಗ್ಗೆ ಎದ್ದು ನೋಡ್ದೆ, ಮನೆ ಇಷ್ಟು ದೊಡ್ಡದಾಗೈತಲ್ಲ ಅನ್ನಿಸ್ತು. ಬೆಳಕು ಆ ಕಿಟಕಿಯಿಂದ ಬಂದು ಈ ಗೋಡೆ ಗಂಟ ನಡ್ಕಂಡು ಬತ್ತದೆ, ನಡುವೆ ಏನೂ ಅಡ್ಡ ಇಲ್ಲ. ಉಣ್ಣಕ್ಕೈತೆ, ಉಡಕ್ಕೈತೆ, ಮಗಳು ಸುಖವಾಗವ್ಳೆ. ದೇವರು ಕೊಟ್ಟಿದ್ದು ಸಾಕಾಗೈತೆ ಸ್ವಾಮಿ ನಂಗೆ. ಇದಕ್ಕಿಂತ ಜಾಸ್ತಿ ಕೊಟ್ರೆ ಗುಡ್ಸೋಳು ನಾನೇ ತಾನೇ."

ಒಂದಕ್ಷರ ಸುಳ್ಳಿಲ್ಲ. ಸ್ವಾಮಿಗಳ ಕಣ್ಣು ತೇವವಾದಂತೆ ಕಂಡಿತು. ಲೂರ್ದಮ್ಮನನ್ನು ಮದುವೆಯಾದದ್ದು ನನ್ನ ಜೀವಮಾನದ ಜಾಣ ಕೆಲಸ ಎಂದು ಆ ಕ್ಷಣ ನನಗನ್ನಿಸಿತು. (ಆ ಅಭಿಪ್ರಾಯ ಇನ್ನೂ ಹತ್ತು ನಿಮಿಷ ಉಳಿದಿತ್ತು.)

ಸ್ವಾಮಿಗಳು ಕೈತೊಳೆಯಲು ಹಿತ್ತಲಿಗೆ ಹೋದರು. ನಾನು ಚೆಂಬು ಹಿಡಿದು ಹಿಂದೆ. ಗೋಡೆಯಾಚೆ ದ್ಯಾವಯ್ಯ ಎಮ್ಮೆ ಮೈ ತೊಳೆಯುತ್ತಿದ್ದ. ಹೊರಗಿನವರನ್ನು ಕಂಡರೆ ಒಳಗೆ ಕರೆಯದೆ ಬಿಡುವ ಜಾತಿಯಲ್ಲ ಅವನು. ಒದ್ದೆ ಕೈಯಲ್ಲೇ ನಮಸ್ಕಾರ ಮಾಡಿ, ಸ್ವಾಮ್ಯೋರು ನಮ್ಮನೆಗೂ ಪಾದ ಬೆಳೆಸಬೇಕು, ಎಳನೀರು ಕುಡಿದೇ ಹೋಗಬೇಕು ಎಂದ. ಸ್ವಾಮಿಗಳಿಗೆ ಹೊತ್ತಾಯಿತು, ವಿಶ್ರಾಂತಿ ಬೇಕು, ಬಿಸಿಲು ಜೋರು ಎಂದು ನಾನು ಒಂದೊಂದೇ ಕಾರಣ ಎಣಿಸುತ್ತಿದ್ದಂತೆ ಸ್ವಾಮಿಗಳು ನಿಲುವಂಗಿ ಎತ್ತಿ ಹಿಡಿದು ಸೊಂಟದೆತ್ತರದ ಗೋಡೆಯನ್ನು ಹುಡುಗರ ಹಾಗೆ ದಾಟಿಬಿಟ್ಟರು. ನಾನು ಬೀರು ಬಿದ್ದ ಕಾಲನ್ನು ಎಳೆದುಕೊಂಡು ಹಿಂದೆಯೇ ದಾಟಿದೆ.

ದ್ಯಾವಯ್ಯನ ನಡುಮನೆಯಲ್ಲಿ ನನ್ನ ಇಪ್ಪತ್ತೆರಡು ವರ್ಷದ ಬಾಳು ಸಾಲಾಗಿ ನಿಂತಿತ್ತು. ಬೀರಿನ ಕನ್ನಡಿಯಲ್ಲಿ ನನ್ನ ಮುಖವೇ ಕಂಡಿತು, ನೋಡಲಾಗಲಿಲ್ಲ. ರೇಡಿಯೋದ ಮೇಲೆ ಪುಟ್ಟಲಕ್ಷ್ಮಮ್ಮ ಅರಿಶಿನ ಕುಂಕುಮ ಇಟ್ಟು ಒಂದು ಹೂವೂ ಮುಡಿಸಿದ್ದಳು. ಈಸಿ ಚೇರಿನಲ್ಲಿ ಕೂತಿದ್ದ ಕುಳ್ಳಯ್ಯ ಅತಿಥಿಯನ್ನು ಕಂಡು ಚೇರಿನ ತೋಳು ಹಿಡಿದು ಎದ್ದು, "ಕೂತ್ಕಳಿ ಸ್ವಾಮಿ, ಬೋ ಸುಕವಾಗೈತೆ" ಎಂದು ಬಿಟ್ಟುಕೊಟ್ಟ. ಸ್ವಾಮಿಗಳು ಕೂರುವ ಮೊದಲು ಅದರ ಬೆನ್ನ ಮೇಲೆ ಕೈಯಿಟ್ಟರು. ಓದಿದರು. ಪುಟ್ಟಲಕ್ಷ್ಮಮ್ಮ ಎಳನೀರನ್ನು ಲೋಟಕ್ಕೆ ಬಗ್ಗಿಸಿ ತಂದಳು. ಲೋಟವನ್ನೂ ಓದಿದರು. ಅಷ್ಟರಲ್ಲಿ ನನ್ನ ಗಡಿಯಾರ ಹನ್ನೆರಡು ಹೊಡೆದು, ಒಂದು ಗಳಿಗೆ ಉಸಿರು ಹಿಡಿದು, ಹದಿಮೂರನೆಯದನ್ನೂ ಹೊಡೆಯಿತು.

ಸ್ವಾಮಿಗಳು ದ್ಯಾವಯ್ಯನನ್ನು ಕೇಳಿದರು, ಇವೆಲ್ಲ ಯಾರದಪ್ಪ ಎಂದು.

ದ್ಯಾವಯ್ಯ ನನ್ನ ಮುಖ ನೋಡಿದ. ನಾನು ಕಣ್ಣಲ್ಲೇ ಏನೋ ಸನ್ನೆ ಮಾಡಿದೆ. ಏನು ಸನ್ನೆ ಮಾಡಿದೆನೆಂದು ನನಗೇ ತಿಳಿಯದು, ಅವನಿಗೆಲ್ಲಿಂದ ತಿಳಿಯಬೇಕು. "ನಮ್ದೇ ಸ್ವಾಮಿ," ಎಂದು ಪಾಠ ಒಪ್ಪಿಸಿದ. ಆಮೇಲೆ ಮೇಲಿದ್ದ ಹೆಸರಿಗೆ ಸಮಾಧಾನ ಹೇಳಬೇಕೆನ್ನಿಸಿತೋ ಏನೋ, "ಮೇಷ್ಟ್ರು ಕೊಟ್ರು. ಇವೆಲ್ಲ ನಿಮ್ದೇ ಅಂದ್ಕಳಿ, ಯಾರು ಕೇಳುದ್ರೂವೆ ನಿಮ್ದೇ ಅನ್ನಿ ಅಂದ್ಬುಟ್ರು. ಬ್ಯಾಡ ಅಂದ್ರೆ ಕೇಳ್ನಿಲ್ಲ, ಅವರೇ ಒತ್ಕಬಂದು ಗ್ವಾಡೆ ದಾಟಿಸುದ್ರು" ಎಂದು ಮುಗಿಸಿದ.

ಸ್ವಾಮಿಗಳು ನನ್ನ ಕಡೆ ತಿರುಗಿದರು. "ಹೌದೇ ಇನ್ನಾಸಪ್ಪನವರೇ? ಎಲ್ಲವನ್ನೂ ನೆರೆಯವರಿಗೆ ಕೊಟ್ಟುಬಿಟ್ಟಿರಾ?"

ಇಲ್ಲಿ ನಿಮ್ಮೆದುರು ಮುಚ್ಚುಮರೆ ಬೇಡ. ಇಲ್ಲ ಸ್ವಾಮಿ, ಬಚ್ಚಿಟ್ಟೆ ಎನ್ನಲು ನನಗೆ ಅವಕಾಶವಿತ್ತು. ಬಾಯಿಯೂ ತೆರೆದಿತ್ತು. ಆದರೆ ತೆರೆದ ಬಾಯಿಯ ಮುಂದೆ ಹೆಡ್‌ಮಾಸ್ತರಿಕೆ ಬಂದು ನಿಂತಿತು. ಕಳ್ಳನೆನ್ನಿಸಿಕೊಳ್ಳುವುದೋ, ಪುಣ್ಯಾತ್ಮನೆನ್ನಿಸಿಕೊಳ್ಳುವುದೋ? ನಾನು ತಲೆ ತಗ್ಗಿಸಿ, ಕೈಕಟ್ಟಿ, "ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂದು ಸುಮ್ಮನಿದ್ದೆ ಸ್ವಾಮಿ" ಎಂದೆ. ಎಷ್ಟು ಚೆನ್ನಾಗಿ ಬಂತೆಂದರೆ ಒಂದು ಗಳಿಗೆ ನಾನೇ ನಂಬಿದೆ. ಗೋಡೆಯಾಚೆಯಿಂದ ಪಾತ್ರೆ ಬಿದ್ದ ಸದ್ದು ಕೇಳಿತು. ಲೂರ್ದಮ್ಮ ಅಲ್ಲಿ ನಿಂತಿದ್ದಳು.

ಆ ದಿನ ಲೂರ್ದಮ್ಮ ನನ್ನೊಡನೆ ಜಗಳವಾಡಲಿಲ್ಲ. ಅದೇ ಭಯ. "ಅವರೇನು ದಡ್ಡರಾ" ಎಂದು ಒಂದೇ ಮಾತು ಕೇಳಿದಳು. ನಾನು, ನೀನು ನೋಡುತ್ತಿರು, ಸ್ವಾಮಿಗಳು ಭಾನುವಾರದ ತನಕ ಇಲ್ಲೇ ಇರುತ್ತಾರೆ, ಪೂಜೆಯಲ್ಲಿ ಹೆಸರು ಹೇಳುತ್ತಾರೆ, ನಿನ್ನ ಗಂಡ ಹೆಡ್‌ಮಾಸ್ತರ್ ಆಗುತ್ತಾನೆ ಎಂದೆ.

ಹೆಸರು ಹೇಳಿದರು. ಉಪದೇಶ ಪ್ರಸಂಗದ ಮೊದಲ ಮಾತೇ ನನ್ನ ಹೆಸರು. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದ ನಾನು ಅಂಗಿಯ ಕಾಲರು ಸರಿಮಾಡಿಕೊಂಡೆ. ಮನುಷ್ಯ ಸಾಮಾನನ್ನು ಕೊಳ್ಳುವುದಕ್ಕೆ ಮುಂಚೆ ಸಾಮಾನೇ ಮನುಷ್ಯನನ್ನು ಕೊಂಡುಬಿಡುತ್ತದೆ, ದೇವರನ್ನು ನಂಬಿದವನಿಗೆ ಈ ದಿನದ ರೊಟ್ಟಿ ಸಾಕು, ಅದು ಸಾಕೆಂದು ತಿಳಿದವನೇ ಐಶ್ವರ್ಯವಂತ ಎಂದು ಸ್ವಾಮಿಗಳು ಮೆಲ್ಲನೆ, ಎದುರು ಕೂತು ಮಾತಾಡುವವರ ಹಾಗೆ ಹೇಳಿದರು. ಆಮೇಲೆ ಈಸಿ ಚೇರಿನಿಂದ ಲೋಟದ ತನಕ ನನ್ನ ದಾನದ ಪಟ್ಟಿಯನ್ನು ಸಭೆಯ ಮುಂದೆ ಒಂದೂ ಬಿಡದೆ ಒಪ್ಪಿಸಿದರು. ಸಭೆ ಬೆರಗಾಗಿ ನನ್ನನ್ನು ನೋಡಿತು. ನಾನು ಎಷ್ಟು ಸಾಧ್ಯವೋ ಅಷ್ಟು ವಿನಯದಿಂದ ನೆಲ ನೋಡಿದೆ.

"ಇಂಥವರಿಗೆ ಹೆಚ್ಚಿನ ಸಂಬಳದ ಹುದ್ದೆ ಕೊಡುವುದು," ಎಂದು ಸ್ವಾಮಿಗಳು ಮುಂದುವರಿಸಿದರು, "ಹೊಟ್ಟೆ ತುಂಬಿದವರ ತಟ್ಟೆಗೆ ಇನ್ನೊಂದು ಮುದ್ದೆ ಹಾಕಿದಂತೆ. ಅವರನ್ನು ಆಸೆಯ ಶೋಧನೆಗೆ ಗುರಿಮಾಡಲು ನನಗೆ ಮನಸ್ಸಿಲ್ಲ. ಏಳು ಮಕ್ಕಳ ತಂದೆ ರಾಯಪ್ಪನವರು ನಾಳೆಯಿಂದ ಶಾಲೆಯ ಮುಖ್ಯೋಪಾಧ್ಯಾಯರು."

ಮುಂದೆ ಪೂಜೆ ಹೇಗೆ ನಡೆಯಿತು, ನನಗೆ ನೆನಪಿಲ್ಲ. ಎಲ್ಲರೂ ಮೊಣಕಾಲೂರಿದಾಗ ನಾನೂ ಊರಿದೆ. ಆದರೆ ಅವರೆಲ್ಲ ಎದ್ದಾಗ ನಾನು ಏಳಲಿಲ್ಲ. ಅದನ್ನೂ ಭಕ್ತಿಯ ಲೆಕ್ಕಕ್ಕೆ ಹಾಕಿಕೊಂಡರು.

ಹೊರಗೆ ಬಂದಾಗ ಸ್ವಾಮಿಗಳು ಬಾಗಿಲಲ್ಲೇ ನಿಂತಿದ್ದರು. ನನ್ನ ಕೈಹಿಡಿದು ಮೆಲ್ಲಗೆ, "ನಿಮ್ಮ ಗೋಡೆ ಮೇಲಿನ ಗಡಿಯಾರದ ಗುರುತು ಬಹಳ ಹೊಸದು ಇನ್ನಾಸಪ್ಪನವರೇ. ಇನ್ನೂ ಧೂಳು ಕೂತಿಲ್ಲ. ಕೊಟ್ಟು ಎಷ್ಟು ದಿನವಾಯಿತು?" ಎಂದರು.

"ಮೂರು ದಿನ ಸ್ವಾಮಿ."

"ಮೂರು ದಿನದ ಪುಣ್ಯ ಎಳೆಗೂಸಿದ್ದಂತೆ. ಜೋಪಾನ. ವಾಪಸ್ಸು ತರೋಣ ಅನ್ನಿಸುತ್ತದೆ. ಈಗ ಅದು ನೆರೆಯವರ ವಸ್ತು, ನೆರೆಯವರ ವಸ್ತುವಿಗೆ ಆಸೆಪಡಬಾರದು ಅನ್ನುವುದು ದೇವರ ಹತ್ತನೆಯ ಕಟ್ಟಳೆ. ಮಕ್ಕಳಿಗೆ ನೀವೇ ಕಲಿಸುತ್ತೀರಲ್ಲ." ಅವರ ಕಣ್ಣಿನಲ್ಲಿ ಏನಿತ್ತೆಂದು ನಾನು ನೋಡಲಿಲ್ಲ. ನೋಡುವ ಧೈರ್ಯವಿರಲಿಲ್ಲ.

ಅವರು ಮೈಸೂರಿನ ರೈಲು ಹತ್ತಿದ ಮೇಲೆ ನಾನು ಚೇತರಿಸಿಕೊಂಡೆ. ಹುದ್ದೆ ಹೋದರೆ ಹೋಯಿತು, ಸಾಮಾನಾದರೂ ನನ್ನದು. ಕಟ್ಟಳೆಯ ಮಾತು ಬೇರೆ, ಬೆತ್ತದ ಕುರ್ಚಿಯ ಮಾತು ಬೇರೆ. ಸೋಮವಾರ ಸಂಜೆ ಶಾಲೆಯಿಂದ ನೇರವಾಗಿ ದ್ಯಾವಯ್ಯನ ಮನೆಗೆ ನಡೆದೆ. ದಾರಿಯಲ್ಲಿ ಸಭೆಯವರು ಮೂರು ಜನ ನಿಲ್ಲಿಸಿ ಕೈಮುಗಿದರು. ಒಬ್ಬಾಕೆ ಮಗುವನ್ನು ಮುಂದೆ ತಳ್ಳಿ ತಲೆಯ ಮೇಲೆ ಕೈಯಿಡಿ ಎಂದಳು. ಇಟ್ಟೆ, ಏನು ಮಾಡಲಿ.

ದ್ಯಾವಯ್ಯನ ಜಗಲಿಯ ಮೇಲೆ ಈಸಿ ಚೇರು, ಈಸಿ ಚೇರಿನಲ್ಲಿ ಕುಳ್ಳಯ್ಯ. ಬೀದಿಯಲ್ಲಿ ಕಾರ್ಖಾನೆಗೆ ಹೋಗುವ ಕಬ್ಬಿನ ಗಾಡಿಗಳು ಸಾಲಾಗಿ ಹೊರಟಿದ್ದವು. ಮುದುಕ ಒಂದೊಂದು ಗಾಡಿಯವನನ್ನೂ ಕರೆದು, ಯಾವೂರ್ಲಾ, ಯಾರ ಮಗ್ನ್ಲಾ ಎಂದು ವಿಚಾರಿಸುತ್ತಿದ್ದ. ನಾನು ಗಂಟಲು ಸರಿಮಾಡಿಕೊಂಡು ದ್ಯಾವಯ್ಯ ಇದ್ದಾನೆಯೇ ಎಂದೆ.

"ಬನ್ನಿ ಮೇಷ್ಟ್ರೇ," ಎಂದು ಕುಳ್ಳಯ್ಯ ನನ್ನ ಕೈಹಿಡಿದುಕೊಂಡ. "ಐದು ವರ್ಸ ಆಗಿತ್ತು ಕನ್ರಪ್ಪ ನಾನು ಬೀದಿ ನೋಡಿ. ನೆಲದ ಮ್ಯಾಲೆ ಕೂತ್ರೆ ಏಳಕ್ಕಾಗಕಿಲ್ಲ, ಕಾಲು ಬರಕಿಲ್ಲ. ಅದ್ಕೇಯ ಒಳಗೇ ಬಿದ್ಕಂಡಿದ್ದೆ, ತೊಲೆ ಎಣಿಸ್ಕಂಡು. ಈಗ ನೋಡಿ, ನಾನೇ ಕೂತ್ಕತೀನಿ, ನಾನೇ ಏಳ್ತೀನಿ. ಹೆತ್ತ ಮಗನಿಗೆ ತೋಚನಿಲ್ಲ, ನಿಮಗೆ ತೋಚ್ತಲ್ಲ."

ಒಳಗಿನಿಂದ ಬಂದ ದ್ಯಾವಯ್ಯ, ಸುಣ್ಣ ಹೊಡೆಸಿದ್ದಾಯಿತೋ ಏನೋ, ಸಾಮಾನು ಬೇಕಿದ್ದರೆ ಈಗಲೇ ದಾಟಿಸೋಣ ಎಂದು ಅವನಾಗಿಯೇ ಹೇಳಿದ. ಒಳ್ಳೆಯವನು. ಅವನಪ್ಪ ನನ್ನ ಕೈಯನ್ನು ಬಿಟ್ಟಿರಲಿಲ್ಲ. ಆ ಕೈ ಒಣಗಿದ ಕಬ್ಬಿನ ಸೋಗೆಯ ಹಾಗೆ ಒರಟಾಗಿತ್ತು, ಬೆಚ್ಚಗಿತ್ತು. ನನ್ನ ಬಾಯಿಂದ, "ಬೇಡ ದ್ಯಾವಯ್ಯ, ಇಲ್ಲೇ ಇರಲಿ" ಎಂಬ ಮಾತು ಹೊರಬಿತ್ತು. ಯಾರು ಹೇಳಿಸಿದರೋ ನಾನರಿಯೆ. ನನಗಂತೂ ಇಷ್ಟವಿರಲಿಲ್ಲ.

ಹಾಗಾದರೆ ಮಿಕ್ಕದ್ದನ್ನಾದರೂ ತರೋಣವೆಂದರೆ ಲೂರ್ದಮ್ಮ ಅಡ್ಡ ನಿಂತಳು. ಬೀರು ಈ ಗೋಡೆ ದಾಟಿದರೆ ತಾನು ನಾಗಮಂಗಲದ ಬಸ್ಸು ಹತ್ತುವುದಾಗಿ ಹೇಳಿದಳು. ಗಡಿಯಾರವನ್ನಂತೂ ಕೇಳುವ ಹಾಗೇ ಇಲ್ಲ. ಪುಟ್ಟಲಕ್ಷ್ಮಮ್ಮ ಆ ಹದಿಮೂರನೆಯ ಹೊಡೆತಕ್ಕೆ ಸರಿಯಾಗಿ ಎಮ್ಮೆಗೆ ಹಿಂಡಿ ಇಡುವ ಅಭ್ಯಾಸ ಮಾಡಿಕೊಂಡಿದ್ದಾಳೆ, ಕಿತ್ತುತಂದರೆ ಎಮ್ಮೆ ಹಾಲು ಬಿಡುವುದಿಲ್ಲವಂತೆ. ಅದಕ್ಕೆ ಪ್ರತಿಯಾಗಿ ದಿನಾ ಗೋಡೆಯ ಮೇಲಿಂದ ಒಂದು ಚೊಂಬು ಮಜ್ಜಿಗೆ ಬರುತ್ತದೆ. ಲೂರ್ದಮ್ಮ ಆ ಬಟಾಬಯಲು ನಡುಮನೆಯಲ್ಲಿ ಕಾಲು ಚಾಚಿ ಕೂತು, ಕಿಟಕಿಯ ಬೆಳಕಿನಲ್ಲಿ ಜಪಸರ ಎಣಿಸುತ್ತ, ನಡುನಡುವೆ ಮಜ್ಜಿಗೆ ಕುಡಿಯುತ್ತಾಳೆ. ಹೇಳಬಾರದು, ಆದರೆ ಹೇಳುತ್ತೇನೆ. ಈಚೆಗೆ ಅವಳು ಹಾಡುತ್ತಾಳೆ. ಮದುವೆಯಾದ ಹೊಸದರಲ್ಲಿ ಹಾಡುತ್ತಿದ್ದಳು. ಯಾವಾಗ ನಿಂತಿತೋ ನಾನು ಗಮನಿಸಿರಲಿಲ್ಲ, ರೇಡಿಯೋ ತಂದ ವರ್ಷವೇ ಇರಬೇಕು.

ಆದರೂ ಆಸೆ ಸಾಯಬೇಕಲ್ಲ. ದಿನಾ ಸಂಜೆ ಕುಳ್ಳಯ್ಯ ಆ ಚೇರಿನ ತೋಳು ತಿರುಗಿಸಿ ಕಾಲು ಚಾಚಿದಾಗ ನಾನು ನಮ್ಮ ಬಾಗಿಲಿಗೆ ಬಂದು ನಿಂತು ನೋಡುತ್ತಿದ್ದೆ. ಈಸ್ಟರ್ ಹತ್ತಿರ ಬಂತು, ಪಾಪನಿವೇದನೆಗೆ ಹೋಗಲೇಬೇಕು. ಊರಿನ ಗುರುಗಳು ಕೂತ ಜಾಲರಿಯ ಮುಂದೆ ಮೊಣಕಾಲೂರಿ, ಗೋಡೆ ದಾಟಿಸಿದ್ದು, ಸ್ವಾಮಿಗಳೆದುರು ಪುಣ್ಯಾತ್ಮನಾದದ್ದು, ಎಲ್ಲವನ್ನೂ ಮೊದಲಿನಿಂದ ಹೇಳಿ, ಕೊನೆಗೆ ನೆರೆಯವನ ವಸ್ತುವಿಗೆ ಆಸೆಪಟ್ಟೆ ಎಂದೆ. ಎಷ್ಟು ಸಲ ಎಂದು ಕೇಳಿದರು. ದಿನಕ್ಕೆ ಒಂದು ಸಲ, ಭಾನುವಾರ ಎರಡು ಸಲ ಎಂದೆ. ಯಾವ ವಸ್ತು ಎಂದರು. ಈಸಿ ಚೇರು ಎಂದೆ. ಅದರ ಮೇಲೆ ಈಗ ಯಾರ ಹೆಸರಿದೆ ಎಂದರು. ನನ್ನದೇ ಎಂದೆ. ಜಾಲರಿಯ ಆಚೆ ಗುರುಗಳು ಕೆಮ್ಮಿದರೋ ನಕ್ಕರೋ ಗೊತ್ತಾಗಲಿಲ್ಲ. ಆಮೇಲೆ ಪ್ರಾಯಶ್ಚಿತ್ತ ಹೇಳಿದರು. ಜಪ ಒಂದೂ ಇಲ್ಲ. ಒಂದು ಡಬ್ಬಿ ಪೈಂಟು, ಒಂದು ಬ್ರಷ್ಷು.

ಹಾಗಾಗಿ ಶನಿವಾರ ಬೆಳಿಗ್ಗೆ ನಾನು ದ್ಯಾವಯ್ಯನ ಜಗಲಿಯ ಮೇಲೆ ಮೊಣಕಾಲೂರಿ ಕೂತು ನನ್ನ ಹೆಸರನ್ನು ಉಜ್ಜಿ ತೆಗೆದೆ. 'ಸಹಾಯೋಪಾಧ್ಯಾಯ' ಹೋಗಲು ಬಹಳ ಹೊತ್ತು ಹಿಡಿಯಿತು. ಆ ಜಾಗದಲ್ಲಿ ದುಂಡನೆಯ ಅಕ್ಷರದಲ್ಲಿ 'ಕುಳ್ಳಯ್ಯ' ಎಂದು ಬರೆದೆ. ನಮ್ಮ ಬಾಗಿಲಿನಿಂದ ಲೂರ್ದಮ್ಮ ಇಣುಕಿ ನೋಡಿ, ಸಮಾಧಿ ಕಲ್ಲಿಗೆ ಇನ್ನೂ ಅವಸರ ಇಲ್ಲ ಬಿಡಿ, ಕೈ ಚೆನ್ನಾಗಿ ಪಳಗಿದೆ ಎಂದಳು.

ಕುಳ್ಳಯ್ಯನಿಗೆ ಓದು ಬರದು. ಕೋಲೂರಿಕೊಂಡು ಹತ್ತಿರ ಬಂದು, ಕಣ್ಣು ಕಿರಿದುಮಾಡಿ ನೋಡಿದ. "ಇದೇನಾ ನನ್ನೆಸ್ರು? ಬರೆದ್ರೆ ಇಂಗಿರ್ತದಾ?" ಎಂದು ಕೇಳಿದ. ಎಂಬತ್ತು ವರ್ಷಕ್ಕೆ ತನ್ನ ಹೆಸರನ್ನು ಅವನು ನೋಡುತ್ತಿದ್ದದ್ದು ಅದೇ ಮೊದಲು. ನನ್ನ ಕಣ್ಣಿನಲ್ಲಿ ನೀರು ಬಂತು, ಪೈಂಟಿನ ಘಾಟಿಗೆ ಇರಬೇಕು. ಇಷ್ಟೆಲ್ಲ ಆದ ಮೇಲೆ, ಒಂದು ಸಲ, ಕೊನೆಯ ಸಲ, ಅದರಲ್ಲಿ ಕೂತು ಕಾಲು ಚಾಚಿದರೆ ದೇವರೂ ತಪ್ಪು ತಿಳಿಯಲಾರ ಎಂದುಕೊಂಡು ಸೊಂಟ ಬಗ್ಗಿಸಿದೆ.

ಕುಳ್ಳಯ್ಯ ಕೋಲು ಅಡ್ಡ ಹಿಡಿದ. "ಅದ್ರಲ್ಲಿ ಬ್ಯಾಡಿ ಮೇಷ್ಟ್ರೇ, ನನ್ನೆಸ್ರು ಇನ್ನೂ ಒಣಗಿಲ್ಲ. ಆ ಚಾಪೆ ಮ್ಯಾಲೆ ಕೂತ್ಕಳಿ."

ನಾನು ಚಾಪೆಯ ಮೇಲೆ ಕೂತೆ.